ಚಂಚಿ

ಹೆಸರು ಬರೆದುಕೊಳ್ಳುವಂತಿಲ್ಲ, ಅದು ನಿಯಮ.
ಹಾಗಾಗಿ ಬಸಲಿಂಗವ್ವ ಎಂದು ನಾನೇ ಇಟ್ಟುಕೊಂಡೆ
ಲೆಸ್ಟರಿನ ಯಾವುದೋ ಆಸ್ಪತ್ರೆ ಕೋಣೆಯಿಂದ ಬಂದ ದನಿಗೆ.
ನಾನಿರುವುದು ಹಲ್‌ನಲ್ಲಿ, ಮೂರನೆಯ ಮಹಡಿ,
ಕಿಟಕಿಯಾಚೆ ಕೆಸರು ಬಣ್ಣದ ಹಂಬರ್,
ಕಿವಿಗೆ ಹೆಡ್‌ಫೋನು, ನಿಮಿಷಕ್ಕಿಷ್ಟು ಎಂದು ಕೂಲಿ.

"ಗಂಡಸೇನ್ರಿ?" ಮೊದಲ ಮಾತೇ ಅದು.
ಹೌದಮ್ಮ, ಇವತ್ತು ಕನ್ನಡಕ್ಕೆ ಬೇರೆ ಯಾರೂ ಸಿಗಲಿಲ್ಲವಂತೆ.
ಆಚೆ ಕುರ್ಚಿ ಕಿರುಗುಟ್ಟಿತು.
"ಇರ್ಲಿ ಬಿಡ್ರಿ. ನಿಮ್ಮ ಮಾರಿ ನನಗ ಕಾಣೂದಿಲ್ಲ,
ನನ್ನ ಮಾರಿ ನಿಮಗ ಕಾಣೂದಿಲ್ಲ."

ಬೆಥನ್ ಎಂಬ ಹುಡುಗಿ, ಫಿಸಿಯೋ, ನಿಧಾನವಾಗಿ ಕೇಳುತ್ತಾಳೆ,
ನಾನು ದಾಟಿಸುತ್ತೇನೆ:
ಕೆಮ್ಮಿದಾಗ? ಸೀನಿದಾಗ? ನಕ್ಕಾಗ?
"ನಗೂದು ಬಿಟ್ಟು ಆರು ವರ್ಷಾತು."
ಸ್ಯಾಂಡ್‌ವಿಚ್ ಕಾರ್ಖಾನೆ, ಕೊರೆಯುವ ಕೋಣೆ, ಎಂಟು ತಾಸು ನಿಂತೇ,
ಪ್ರತಿಸಲ ಸೂಪರ್‌ವೈಸರಿಗೆ ಕೈಯೆತ್ತಿ ತೋರಿಸಿ ಹೋಗಬೇಕು.
ಮೊಮ್ಮಗನಿಗೆ ಹೆಸರಿಟ್ಟ ದಿನ ಎಲ್ಲರೂ ಕಾರ್ಪೆಟ್ಟಿನ ಮೇಲೆ ಕೂತರೆ
ಈಕೆ ಅಡುಗೆಮನೆಯ ಟೈಲ್ಸ್ ಬಿಟ್ಟು ಕದಲಲಿಲ್ಲವಂತೆ.
ಇದನ್ನೂ ದಾಟಿಸಿದೆ.
ಟಪಟಪ ಎನ್ನುತ್ತಿದ್ದ ಕೀಬೋರ್ಡು ಒಂದು ಗಳಿಗೆ ನಿಂತಿತು.

ಆಮೇಲೆ ಬಂತು ದಾಟಲಾಗದ ಹೊಳೆ, ಆ ಸ್ನಾಯುಗಳ ಹೆಸರು.
ನಿಘಂಟಿನಲ್ಲಿದ್ದುದನ್ನೇ ಹೇಳಿದೆ: ಶ್ರೋಣಿತಳ.
"ಯಾವ ತಾಲೂಕ್ರಿ ಅದು?"
ನಕ್ಕುಬಿಟ್ಟೆ. ನಗಬಾರದಿತ್ತು,
ನಕ್ಕರೆ ನನಗೂ…
ಇರಲಿ.

ಕೆಳಗಿನ ನೆಲ ಎಂದು ನೋಡಿದೆ. ತಳ ಎಂದೆ, ಬುಡ ಎಂದೆ.
ಮೂಳೆಯಿಂದ ಮೂಳೆಗೆ ಕಟ್ಟಿದ ಜೋಳಿಗೆಯಮ್ಮ,
ಒಳಗಿನದೆಲ್ಲ ಅದರ ಮೇಲೆ ಕೂತಿದೆ,
ಅದರ ಬಾಯಿ ಬಿಗಿದು ಮೇಲಕ್ಕೆ ಸೆಳೆಯಬೇಕು,
ಉಸಿರು ಕಟ್ಟದೆ, ತೊಡೆ ಸೆಟೆಯದೆ.
ಮೌನ. ಅಲ್ಲಿನ ಗಡಿಯಾರ ಇಲ್ಲಿ ಕೇಳುವಷ್ಟು.
"ಚಂಚಿ ದಾರ ಜಗ್ಗಿಧಂಗ?"

ಚಂಚಿ. ನಮ್ಮ ಕಡೆ ಎಲೆಚೀಲ ಅನ್ನುತ್ತಿದ್ದರು.
ಅಜ್ಜಿ ದಾರ ಎಳೆದರೆ ನೆರಿಗೆ ನೆರಿಗೆಯಾಗಿ ಬಾಯಿ ಒಳಸರಿದು
ಸುಣ್ಣದ ಡಬ್ಬಿ, ಮುದುರಿದ ನೋಟು, ಯಾವುದೂ ಚೆಲ್ಲುತ್ತಿರಲಿಲ್ಲ.
ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕು ವಾಕ್ಯ ಹಿಡಿಯಿತು.
ಅದೇ! ಅದೇ! ಎಂದು ಕೂಗಿದಳು ಬೆಥನ್.

ಹತ್ತು ಎಣಿಸುವ ತನಕ ಹಿಡಿಯಬೇಕು. ಎಣಿಸಬೇಕಾದವನು ನಾನು.
ಒಂದು, ಎಂದೆ.
"ಒಂದ್ ಅನಬ್ಯಾಡ್ರಿ. ಕಾಳು ಅಳಿಯೂಮುಂದ
ಮೊದಲ್ನೇದಕ್ಕ ಲಾಭ ಅಂತಾರ."
ಲಾಭ. ಎರಡು. ಮೂರು.
ನಾಲ್ಕಕ್ಕೆ ಆಕೆಯ ಉಸಿರು ತಪ್ಪಿತು.
ಐದಕ್ಕೆ ನನ್ನದು.

ಹೇಳಲಿಲ್ಲ ನಾನು. ಹೇಳುವಂತಿಲ್ಲ, ಅದೂ ನಿಯಮ.
ಫೆಬ್ರವರಿಯಲ್ಲಿ ತೆಗೆದರು, ನೆಲ್ಲಿಕಾಯಿಗಿಂತ ತುಸು ದೊಡ್ಡ ಗ್ರಂಥಿ.
ಅಂದಿನಿಂದ ಪ್ಯಾಡು ಕೊಳ್ಳಲು ಬಸ್ಸು ಹತ್ತಿ ಬೆವರ್ಲಿಗೆ ಹೋಗುತ್ತೇನೆ,
ಇಲ್ಲಾದರೆ ಭಾನುವಾರದ ಕ್ರಿಕೆಟ್ಟಿನವರೆಲ್ಲ ಗುರುತು,
ಇಪ್ಪತ್ತು ವರ್ಷ ಅಂಪೈರಾಗಿ ಅಲುಗದೆ ನಿಂತವನು.
ನನ್ನ ಫಿಸಿಯೋ ಕೂಡ ಚೀಟಿ ಕೊಟ್ಟಿದ್ದ, ದಿನಕ್ಕೆ ಮೂರು ಸಲ ಎಂದು.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ,
ಬರಹ ಒಳಮುಖವಾಗಿ.

ಈಗ ಬಿಡಿ, ಎಂದಳು ಬೆಥನ್. ಪೂರ್ತಿ ಬಿಡುವುದನ್ನೂ ಕಲಿಯಬೇಕು.
"ಅದನ್ನ ಕಲಿಸಬ್ಯಾಡ ಅನ್ರಿ ಆ ಹುಡುಗಿಗೆ,
ಅದು ತಾನ ಬರತೈತಿ!"
ಮೂವರೂ ನಕ್ಕೆವು, ಬೆಥನ್ ಒಂದು ವಾಕ್ಯ ತಡವಾಗಿ.
ನಗುತ್ತಿದ್ದ ದನಿ ತಟ್ಟನೆ ನಿಂತಿತು.
"ಆಗ್ಲಿಲ್ರಿ," ಎಂದಿತು, ಬಹಳ ಮೆಲ್ಲಗೆ,
"ದಾರ ಜಗ್ಗಿದ್ದೆ."
ಇದನ್ನು ದಾಟಿಸಲು ನನ್ನ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

ಕರೆ ಮುಗಿಯಿತು. ಇಪ್ಪತ್ತಾರು ನಿಮಿಷ.
ಪರದೆ ಕೇಳುತ್ತಿದೆ: ಅನುವಾದದಲ್ಲಿ ತೊಡಕಿತ್ತೇ?
ಇಲ್ಲ, ಒತ್ತಿದೆ.
ಕೆಳಗೆ ಕಸದ ಲಾರಿ ಹಿಮ್ಮುಖ ಬರುತ್ತಿದೆ, ಕಡಲಹಕ್ಕಿಗಳ ಜಗಳ.
ಟೀ ಬೇಕು. ಟೀಗೆ ಏಳಬೇಕು.
ಏಳುವ ಮೊದಲು ಕುರ್ಚಿಯ ತೋಳು ಹಿಡಿದು
ಲಾಭ, ಎಂದೆ,
ಯಾರೂ ಇಲ್ಲದ ಮನೆಯಲ್ಲಿ, ಗಟ್ಟಿಯಾಗಿ.